ಎರಡನೆಯ ದಾರಿಯ ಉದ್ದ

ನನ್ನ ಮಗಳು ಮರದ ಪರ, ನಾನು ಉಂಗುರದ ಪರ. ಹೀಗೆಂದರೆ ನಮ್ಮ ಮನೆಯಲ್ಲಿ ಬಡಗಿಗೂ ಅಕ್ಕಸಾಲಿಗೂ ಜಗಳ ಎಂದು ಯಾರಾದರೂ ತಿಳಿದಾರು. ಜಗಳ ಕೇಬಲ್ಲಿನದು. ನಮ್ಮಿಬ್ಬರದೂ ಒಂದೇ ಆಫೀಸು. ಅವಳು ನಾಲ್ಕನೆಯ ಮಹಡಿಯಲ್ಲಿ ಕೂತು ಊರಿನ ನೆಲದಡಿ ಫೈಬರ್ ಹೋಗುವ ದಾರಿಯ ನಕ್ಷೆ ಬರೆಯುತ್ತಾಳೆ. ನಾನು ರಸ್ತೆಯ ಗುಂಡಿಯಲ್ಲಿ ಕೂತು ಕೂದಲಿನಂಥ ಗಾಜಿನ ಎಳೆಗಳನ್ನು ತುದಿಗೆ ತುದಿ ಇಟ್ಟು ಬೆಸೆಯುತ್ತೇನೆ. ಬೆಸೆಯುವಾಗ ಉಸಿರು ಬಿಗಿಹಿಡಿಯುವುದು ನನ್ನ ಚಾಳಿ. ಈಗಿನ ಮಷೀನುಗಳಿಗೆ ಅದರ ದರ್ದೇನೂ ಇಲ್ಲ, ಎಳೆಗಳನ್ನು ಅವೇ ಎದುರುಬದುರು ತಂದು ನಿಲ್ಲಿಸುತ್ತವೆ. ಆದರೂ ಮೂವತ್ತೊಂದು ವರ್ಷದ ಚಾಳಿ, ಬಿಡು ಎಂದರೆ ಬಿಟ್ಟೀತೇ? "ಉಸಿರು ಬಿಡಣ್ಣ, ಆಮೇಲೆ ನಮ್ ತಲೆಗೆ ಬರುತ್ತೆ" ಎಂದು ಜೊತೆಯವರು ರೇಗಿಸಿ ರೇಗಿಸಿ, ಕೊನೆಗೆ ನನ್ನ ಹೆಸರೇ ಉಸಿರಣ್ಣ ಎಂದಾಯಿತು.

ಉಂಗುರವೆಂದರೆ ಇಷ್ಟೇ. ಹೊಳೆಯ ಈಚೆ ದಡದಲ್ಲಿ ನಮ್ಮ ಫೋನಿನ ದೊಡ್ಡ ಸ್ಟೇಷನ್ನು, ಆಚೆ ದಡದಲ್ಲಿ ಚಿಕ್ಕ ಸ್ಟೇಷನ್ನು. ಎರಡಕ್ಕೂ ನಡುವೆ ಎರಡು ಬೇರೆ ಬೇರೆ ದಾರಿ: ಒಂದು ರಸ್ತೆ ಸೇತುವೆಯ ಮೇಲೆ, ಇನ್ನೊಂದು ಸುತ್ತು ಹಾಕಿ ರೈಲು ಸೇತುವೆಯ ಮೇಲೆ. ಒಂದು ಕಡೆ ಕೇಬಲ್ ಕಡಿದುಹೋದರೆ ಮಾತು ಹೊತ್ತ ಬೆಳಕು ತಿರುಗಿ ಇನ್ನೊಂದು ಕಡೆಯಿಂದ ಹೋಗುತ್ತದೆ. ಮಾತಾಡುತ್ತಿದ್ದವರಿಗೆ ಗೊತ್ತೂ ಆಗುವುದಿಲ್ಲ. ಇದನ್ನು ಹದಿನಾರು ವರ್ಷದ ಹಿಂದೆ ಬರೆದವರು ಆಗ ನಾಲ್ಕನೆಯ ಮಹಡಿಯಲ್ಲಿದ್ದ ನಮ್ಮ ಮೇಡಂ. ಕೈಗೆ ಒಂದು ಉಂಗುರ ಹಾಕಿದವರಲ್ಲ, ಆದರೂ ಆಫೀಸಿಗೆಲ್ಲ ಅವರು ಉಂಗುರದ ಮೇಡಂ.

ಮರ ನನ್ನ ಮಗಳದು. ದೊಡ್ಡ ಸ್ಟೇಷನ್ನಿನಿಂದ ಒಂದೇ ದಪ್ಪ ಬೊಡ್ಡೆ, ಅದರಿಂದ ಕೊಂಬೆ, ಕೊಂಬೆಯಿಂದ ರೆಂಬೆ, ಮನೆಮನೆಯ ಬಾಗಿಲಿಗೆ ಒಂದೊಂದು ಎಳೆ. ಸುತ್ತುದಾರಿ ಇಲ್ಲ. ಹಾಗಾಗಿ ಖರ್ಚೂ ಕಮ್ಮಿ, ಕೆಲಸವೂ ಬೇಗ. ಗುಡ್ಡದ ಮೇಲಿನ ಬಡಾವಣೆಗಳವರು ಹನ್ನೊಂದು ವರ್ಷದಿಂದ ಕಾಯುತ್ತಿದ್ದಾರೆ. ಅವರ ಅರ್ಜಿಗಳನ್ನು ಇವಳು ಒಂದೊಂದಾಗಿ ಓದಿದ್ದಾಳೆ. ನನ್ನ ಮಗಳೆಂದು ಹೇಳುತ್ತಿಲ್ಲ, ಅವಳ ನಕ್ಷೆಯಲ್ಲಿ ಒಂದು ಗೆರೆಯೂ ಉಡಾಫೆಯದಲ್ಲ.

ಮಂಗಳವಾರ ಊಟದ ಹೊತ್ತಿಗೆ ತಟ್ಟೆ ಪಕ್ಕಕ್ಕೆ ಸರಿಸಿ ಅವಳು ನಕ್ಷೆ ಹರಡಿದಳು. ಅವಳಮ್ಮ, "ಅನ್ನದ ಮುಂದೆ ಕಾಗದ ತರಬೇಡ ಅಂತ ಎಷ್ಟು ಸಲ ಬಾಯಿ ಬಡ್ಕೊಳ್ಳಿ ನಾನು?" ಎಂದು ಗೊಣಗಿದಳು.

"ಶುಕ್ರವಾರ ಸಭೆ ಇದೆ ಅಪ್ಪ. ಉಂಗುರ ಇಟ್ಕೊಳ್ಳೋದಾ, ಮರಕ್ಕೆ ಹೋಗೋದಾ ಅಂತ ಅವತ್ತೇ ತೀರ್ಮಾನ. ನೀನು ಬಂದು ಎರಡು ಮಾತು ಹೇಳ್ಬೇಕು."

"ನಾನೇನು ಹೇಳ್ಲಿ? ನಾನು ಗುಂಡಿಯೊಳಗಿನ ಮನುಷ್ಯ."

"ಅದಕ್ಕೇ. ಆವತ್ತು ಸೇತುವೆ ಹತ್ರ ಕೆಲಸ ಮಾಡಿದ್ದು ನೀನು. ಒಂದು ಕೇಬಲ್ ಕಡಿದಿತ್ತು, ಇನ್ನೊಂದು ಚೆನ್ನಾಗೇ ಇತ್ತು, ಆದ್ರೂ ಬೆಳಕು ತಿರುಗ್ಲಿಲ್ಲ. ಇಷ್ಟು ಹೇಳಿದ್ರೆ ಸಾಕು. ಎರಡು ಪಟ್ಟು ಕೇಬಲ್ ಹಾಕಿ, ಬೇಕಾದ ದಿನ ಅದು ಕೈಕೊಟ್ರೆ, ಆ ಉಂಗುರ ಇದ್ದೇನು ಪ್ರಯೋಜನ? ನೀನೇ ಹೇಳು."

ನಾನು ಲೋಟ ಎತ್ತಿಕೊಂಡೆ. ನೀರು ಕುಡಿದೆ. ಅವಳ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ಅವಳು ನಂಬಿದ್ದ ವರದಿಯಲ್ಲೇ ತಪ್ಪಿತ್ತು. ಆ ವರದಿ ಬರೆದವನು ನಾನು.

ಆವತ್ತು ಎಂದರೆ ನಾಲ್ಕು ತಿಂಗಳ ಹಿಂದೆ. ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ರಸ್ತೆ ಸೇತುವೆಯ ಬಾಯಲ್ಲಿ ನೀರಿನ ಪೈಪಿಗೆಂದು ಅಗೆಯುತ್ತಿದ್ದ ಯಂತ್ರ ನಮ್ಮ ಕೇಬಲ್ ಕಡಿದುಹಾಕಿತು. ಆಚೆ ದಡ ಪೂರ್ತಿ ಮೂಕವಾಯಿತು. ಫೋನಿಲ್ಲ, ಮೊಬೈಲೂ ಇಲ್ಲ, ಏಕೆಂದರೆ ಅಲ್ಲಿನ ಟವರುಗಳೆಲ್ಲ ಅದೇ ಕೇಬಲ್ಲಿಗೆ ಜೋತುಬಿದ್ದಿದ್ದವು. ಚಿಕ್ಕ ಸ್ಟೇಷನ್ನಿನ ಎದುರಿಗೇ ಬಟ್ಟೆ ಹೊಲಿಯುವ ಒಬ್ಬ ಹೆಂಗಸಿನ ಅಂಗಡಿ ಇದೆ. ಅವರ ಗಂಡ ಬೆಳಗಿನ ನಡಿಗೆ ಮುಗಿಸಿ ಬಂದು, ಅಂಗಡಿಯ ಬಾಗಿಲಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಕೆ ಆಂಬ್ಯುಲೆನ್ಸಿಗೆ ಹನ್ನೊಂದು ಸಲ ಫೋನು ಮಾಡಿದರಂತೆ. ರಸ್ತೆ ದಾಟಿ ಓಡಿಬಂದು ನಮ್ಮ ಸ್ಟೇಷನ್ನಿನ ಕಬ್ಬಿಣದ ಬಾಗಿಲು ಬಡಿದರಂತೆ. ಅದು ಆಳಿಲ್ಲದ ಸ್ಟೇಷನ್ನು, ಒಳಗಿದ್ದದ್ದು ಬರೀ ಫ್ಯಾನುಗಳು. ಕೊನೆಗೆ ತರಕಾರಿಯ ಗಾಡಿಯಲ್ಲಿ ಮಲಗಿಸಿಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಉಂಗುರ ಯಾಕೆ ತಿರುಗಲಿಲ್ಲ ಎಂಬುದು ಇಡೀ ಆಫೀಸಿನಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ಅಲ್ಲಿ ಉಂಗುರವೇ ಇರಲಿಲ್ಲ.

ಹದಿನಾರು ವರ್ಷದ ಹಿಂದೆ ಸೋಮವಾರ ಉದ್ಘಾಟನೆ ಎಂದು ಗೊತ್ತಾಗಿತ್ತು. ರೈಲು ಸೇತುವೆಯ ಮೇಲೆ ಕೇಬಲ್ ಎಳೆಯಲು ರೈಲಿನವರ ಅನುಮತಿ ಮಾತ್ರ ಬಂದಿರಲಿಲ್ಲ. ಮೇಡಂ ತಂಗಿಯ ಆಪರೇಷನ್ನಿಗೆಂದು ಪರವೂರಿಗೆ ಹೋಗಿದ್ದರು. ಆಗಿನ ದೊಡ್ಡ ಸಾಹೇಬರು ನನ್ನನ್ನು ಕರೆದು, "ಹೇಗಾದ್ರೂ ಮಾಡಿ ಮುಗಿಸು" ಎಂದರು. ಹೇಗಾದರೂ ಎಂಬ ಮಾತು ಹಾಳಾಗಲಿ! ರಸ್ತೆ ಸೇತುವೆಯಲ್ಲಿ ಮೊದಲ ಕೇಬಲ್ಲಿನ ಪಕ್ಕದಲ್ಲೇ ಒಂದು ಖಾಲಿ ಪೈಪಿತ್ತು. ಎರಡನೆಯ ಕೇಬಲ್ಲನ್ನೂ ಅದರಲ್ಲಿ ತೂರಿಸಿದೆ. ಹದಿನೈದು ದಿನದ ಮಟ್ಟಿಗೆ ಎಂದುಕೊಂಡೆ. ಕೆಲಸ ಮುಗಿದ ಮೇಲೆ ಕೇಬಲ್ ನಿಜವಾಗಿ ಎಲ್ಲಿ ಹೋಗಿದೆ ಎಂದು ತೋರಿಸುವ ನಕ್ಷೆ ಕೊಡಬೇಕಲ್ಲ, ಅದರಲ್ಲಿ ಮೇಡಂ ಬರೆದಿದ್ದ ದಾರಿಯನ್ನೇ ತಿದ್ದಿ ತೀಡಿ ಬರೆದುಕೊಟ್ಟೆ. ಅನುಮತಿ ಬಂದದ್ದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಎಲ್ಲರಿಗೂ ಬಹುಮಾನ ಹಂಚಿಯಾಗಿತ್ತು, ನನಗೂ ಒಂದು ಗಡಿಯಾರ ಸಿಕ್ಕಿತ್ತು. ಮತ್ತೆ ರಸ್ತೆ ಅಗೆಯಬೇಕು ಎನ್ನಲು ನಾಲಿಗೆ ಹೊರಳಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಹದಿನಾರು ವರ್ಷ ದೂಡಿದೆ.

ಅದು ನನ್ನ ಹೇಡಿತನ ಎನ್ನೋಣ. ನಾಲ್ಕು ತಿಂಗಳ ಹಿಂದೆ ಮಾಡಿದ್ದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ಸೇತುವೆಯ ಬಾಯಲ್ಲಿ ಯಾರ್ಯಾರದೋ ಹತ್ತು ಹನ್ನೆರಡು ಕೇಬಲ್ ತುಂಡಾಗಿ ಬಿದ್ದಿದ್ದವು, ಎಲ್ಲವೂ ಕಪ್ಪು. ಜೊತೆಯವರಿಗೆ ಎಣಿಸುವ ಪುರುಸೊತ್ತಿರಲಿಲ್ಲ. ನಮ್ಮ ಎರಡೂ ಕೇಬಲ್ಲುಗಳನ್ನು ನಾನೊಬ್ಬನೇ ಕೂತು ಬೆಸೆದೆ. ಐದು ಗಂಟೆ ಹಿಡಿಯಿತು. ವರದಿಯಲ್ಲಿ ಮಾತ್ರ ಒಂದೇ ಕೇಬಲ್ ಕಡಿದಿದೆ, ಎರಡನೆಯದು ಸುಸ್ಥಿತಿಯಲ್ಲಿದೆ ಎಂದು ಬರೆದು ಸಹಿ ಹಾಕಿದೆ. ಆಗ ನನಗೆ ಹೊಲಿಗೆಯಮ್ಮನ ಗಂಡನ ಸುದ್ದಿ ಗೊತ್ತಿರಲಿಲ್ಲ. ಗೊತ್ತಿದ್ದರೂ ಬರೆಯುತ್ತಿದ್ದೆನೇನೋ, ಸುಳ್ಳೇಕೆ ಹೇಳಲಿ. ಕೇಬಲ್ ಸರಿಯಿದ್ದೂ ಬೆಳಕು ತಿರುಗಲಿಲ್ಲವೆಂದ ಮೇಲೆ ತಪ್ಪು ವಿನ್ಯಾಸದ್ದೇ ಎಂದರು. ಅಲ್ಲಿಗೆ ಎಲ್ಲರ ಬೆರಳೂ ಮೇಡಂ ಕಡೆ ತಿರುಗಿತು.

ಬುಧವಾರ ಮೇಡಂ ಮನೆಗೆ ಹೋದೆ. ಹೇಳಿಯೇ ಬಿಡಬೇಕೆಂದು ಹೋದವನು. ನಿವೃತ್ತರಾಗಿ ಒಂಬತ್ತು ವರ್ಷ. ಒಂದು ಕಣ್ಣು ಹೋಗಿದೆ, ಇನ್ನೊಂದು ಮಂಜು. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಹಳೆಯ ಉಂಗುರದ ನಕ್ಷೆ, ಅದರ ಮೇಲೆ ಅಂಗೈಯಗಲದ ಭೂತಗನ್ನಡಿ.

"ಬಾರಪ್ಪ ಉಸಿರಣ್ಣ. ನಾಲ್ಕು ತಿಂಗಳಿಂದ ಇದರ ಮುಂದೇನೇ ಕೂತಿದ್ದೀನಿ. ಎಲ್ಲಿ ಎಡವಿದೆ ಅಂತ ಸಿಗ್ತಾ ಇಲ್ಲ. ತಿರುಗಬೇಕಿತ್ತು ಅದು. ಯಾಕಪ್ಪ ತಿರುಗಲಿಲ್ಲ?"

ಅವರ ತಂಗಿ ಚಹಾ ತಂದಿಟ್ಟರು. ನಾನು ಲೋಟ ನೋಡುತ್ತ ಕೂತೆ.

"ಆ ಟೈಲರಮ್ಮನ ಮನೆಗೆ ಹೋಗಿದ್ದೆ. ನನ್ನ ಲೆಕ್ಕದಲ್ಲೇ ಏನೋ ತಪ್ಪಾಗಿದೆಯಮ್ಮ, ಹುಡುಕ್ತಾ ಇದ್ದೀನಿ ಅಂದೆ. ಆಕೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು."

ಅಯ್ಯೋ, ಆಗಲಾದರೂ ಬಾಯಿ ಬಿಡಬಾರದಿತ್ತೇ? ಚಹಾ ಕುಡಿದೆ. "ಆರೋಗ್ಯ ನೋಡ್ಕೊಳ್ಳಿ ಮೇಡಂ" ಎಂದು ಹೇಳಿ ಎದ್ದುಬಂದೆ. ಮೆಟ್ಟಿಲಿಳಿಯುವಾಗ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುವ ಹಾಗಾಯಿತು.

ನಮ್ಮ ಸ್ಟೋರಿನ ಅಂಗಳದಲ್ಲಿ ತಗಡಿನ ಚಾವಣಿಯ ಕೆಳಗೆ ಒಂದು ದೊಡ್ಡ ಮರದ ಡ್ರಮ್ಮು ಅಡ್ಡ ಮಲಗಿದೆ, ಕೇಬಲ್ ಸುತ್ತಿಡುವ ಡ್ರಮ್ಮು. ಗುಂಡಗೆ ಅಗಲವಾಗಿರುವುದರಿಂದ ಅದೇ ನಮಗೆ ಊಟದ ಮೇಜು. ಸುತ್ತ ಆರೇಳು ಜನ ಕೂರಬಹುದು. ಅದರ ಮೇಲೆ ಡಬ್ಬಿ ಬಿಚ್ಚದ ದಿನವಿಲ್ಲ. ಗುರುವಾರ ಮಧ್ಯಾಹ್ನ ಮಗಳು ನಾಲ್ಕು ಮಹಡಿ ಇಳಿದು ಅಲ್ಲಿಗೆ ಬಂದಳು. ಉಳಿದವರು ಉಂಡು ಹೋಗಿದ್ದರು. ನಾಳಿನ ಭಾಷಣವನ್ನು ನನ್ನ ಮುಂದೆ ಒಪ್ಪಿಸಿದಳು. ಉಂಗುರ ನಂಬಿಕೆಗೆ ಅರ್ಹವಲ್ಲ ಎಂಬ ಕಡೆ ಸ್ವಲ್ಪ ತಡೆದು, "ಮೇಡಂಗೆ ಬೇಜಾರಾಗುತ್ತೆ. ಆದ್ರೆ ಏನ್ಮಾಡ್ಲಿ, ನಿಜ ಅಲ್ವಾ?" ಎಂದಳು.

ನಾನು ಡಬ್ಬಿಯ ಮುಚ್ಚಳ ಹಾಕಿದೆ.

"ನೀನು ಚಿಕ್ಕೋಳಿದ್ದಾಗ ಇದರ ಮೇಲೆ ಕೂತು ಮಗ್ಗಿ ಬರೀತಿದ್ದೆ, ನೆನಪಿದೆಯಾ?"

"ಇದೆ. ಪೆನ್ಸಿಲ್ ಸಂದಿಗೆ ಬಿದ್ದುಹೋಗ್ತಿತ್ತು. ಈಗ್ಯಾಕಪ್ಪ ಅದು?"

"ಇದರೊಳಗೆ ಏನಿದೆ ಅಂತ ಯಾವತ್ತಾದ್ರೂ ಕೇಳಿದ್ದೀಯಾ?"

"ಹಳೇ ಕೇಬಲ್ಲು."

"ಹಳೇದೇ. ಒಂದು ದಿನವೂ ನೆಲ ಕಂಡಿಲ್ಲ. ಹಾಕದೆ ಉಳಿದ ನಾಲ್ಕು ಸಾವಿರದ ಆರುನೂರು ಮೀಟರ್. ರೈಲು ಸೇತುವೆ ಸುತ್ತಿ ಹೋಗಬೇಕಾಗಿದ್ದು ಇದು. ನಿನ್ನ ನಕ್ಷೆಯಲ್ಲಿ ಎರಡನೇ ದಾರಿ ಅಂತ ಇದೆಯಲ್ಲ ಮಗಳೇ, ಅದು ಇಲ್ಲಿದೆ."

ಅವಳು ನಕ್ಕಳು, ನಾನೇನೋ ತಮಾಷೆ ಮಾಡುತ್ತಿದ್ದೇನೆಂದು. ನನ್ನ ಮುಖ ನೋಡಿ ನಗು ನಿಂತಿತು. ಬಗ್ಗಿ ಡ್ರಮ್ಮಿನ ಪಕ್ಕದ ಹಲಗೆಯನ್ನು ಕರವಸ್ತ್ರದಿಂದ ಉಜ್ಜಿದಳು. ತಗಡಿನ ಚೀಟಿಯ ಮೇಲೆ ಉದ್ದ, ತಾರೀಖು, ಕೆಲಸದ ಹೆಸರು ಮೂರೂ ಇದ್ದವು. ಅದನ್ನೋದಿ ನೆಲದ ಮೇಲೆಯೇ ಕೂತುಬಿಟ್ಟಳು. ನಾನು ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಗಡಿಯಾರದ ವಿಷಯವನ್ನೂ ಬಿಡಲಿಲ್ಲ.

ಅವಳು ಕರವಸ್ತ್ರದ ಧೂಳು ಕೊಡವಿ ಮಡಚಿಟ್ಟಳು. ಆಮೇಲೆ ಕೇಳಿದಳು:

"ನಿನ್ನ ನಿವೃತ್ತಿಗೆ ಇನ್ನೆಷ್ಟು ತಿಂಗಳಿದೆ?"

"ಏಳು."

"ನಾನು ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗಲ್ಲ. ನನ್ನ ಮರ ಗೆಲ್ಲುತ್ತೆ."

"ಗೆಲ್ಲುತ್ತೆ. ಆಚೆ ದಡ ಮಾತ್ರ ಯಾವತ್ತಿಗೂ ಒಂದೇ ಕೇಬಲ್ಲಿಗೆ ನೇತಾಡ್ತಿರುತ್ತೆ."

"ಗೊತ್ತಪ್ಪ! ನನಗೆ ಹೇಳಿಕೊಡಬೇಡ!" ಎಂದು ಅವಳು ಕಿರುಚಿದಳು. ಅವಳು ನನ್ನ ಮೇಲೆ ದನಿಯೆತ್ತಿದ್ದು ಅದೇ ಮೊದಲು. "ಆ ಉಂಗುರ ಸೋತಿದೆ ಅಂತ ನಂಬಿ ನಾನು ಮುಂದಿನ ಮೂರು ವರ್ಷದ ಯೋಜನೆ ಬರೆದಿದ್ದೀನಿ. ಒಂದು ದಿನ ಆದ್ರೂ ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ? ದಿನಾ ಒಂದೇ ಮೇಜಿನಲ್ಲಿ ಊಟ ಮಾಡ್ತೀವಲ್ಲಪ್ಪ."

ಕಣ್ಣೊರೆಸಿಕೊಂಡು, ಭಾಷಣದ ಕಾಗದ ಎತ್ತಿಕೊಂಡು ಅವಳು ಮೆಟ್ಟಿಲು ಹತ್ತಿಹೋದಳು. ನಾಳೆ ಏನು ಹೇಳುತ್ತಾಳೆ ಎಂದು ನಾನು ಕೇಳಲಿಲ್ಲ. ಹೇಳಬೇಕಾದವನು ನಾನು. ಬೆಸೆಯುವಾಗ ಹಿಡಿಯುವ ಉಸಿರಿನ ಹಾಗೆ ಮಾತನ್ನೂ ಇಷ್ಟು ವರ್ಷ ಹಿಡಿದಿಟ್ಟಿದ್ದೆ. ಇನ್ನು ಹಿಡಿದಿಡಲು ತ್ರಾಣವಿರಲಿಲ್ಲ.

ಶುಕ್ರವಾರದ ಸಭೆಯಲ್ಲಿ ಉದ್ದ ಮೇಜಿನ ಹಿಂದೆ ಒಂಬತ್ತು ಜನ, ಎದುರಿಗೆ ನಾವು. ಕೊನೆಯ ಸಾಲಿನಲ್ಲಿ ಆ ಹೊಲಿಗೆಯಮ್ಮ. ದೂರು ಕೊಟ್ಟವರೆಂದು ಕರೆಸಿದ್ದರು. ಅಂಗಡಿಯಿಂದ ಹಾಗೇ ಬಂದಿದ್ದರೆಂದು ಕಾಣುತ್ತದೆ, ಅಳತೆಯ ಟೇಪು ಕೊರಳಲ್ಲೇ ಇತ್ತು. ಮಗಳನ್ನು ಕರೆದಾಗ ಅವಳು ಎದ್ದು, "ನನಗಿಂತ ಮುಂಚೆ, ಸೇತುವೆ ಹತ್ರ ಕೆಲಸ ಮಾಡಿದವರು ಮಾತಾಡ್ಲಿ" ಎಂದು ಹೇಳಿ ಕೂತಳು. ನನ್ನ ಕಡೆ ನೋಡಲಿಲ್ಲ.

ನಾನು ಎದ್ದೆ. ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ಮೇಡಂ ಬರೆದ ಉಂಗುರ ಸೋತಿಲ್ಲ ಸಾರ್. ಅದನ್ನ ಯಾರೂ ಹಾಕೇ ಇಲ್ಲ. ಎರಡು ಕೇಬಲ್ಲನ್ನೂ ಒಂದೇ ಸೇತುವೆಯಲ್ಲಿ ತೂರಿಸಿದವನು ನಾನು. ನಕ್ಷೆಯಲ್ಲಿ ಸುಳ್ಳು ಬರೆದವನೂ ನಾನು. ನಾಲ್ಕು ತಿಂಗಳ ಹಿಂದೆ ಎರಡೂ ಕಡಿದಿತ್ತು. ಒಂದೇ ಅಂತ ವರದಿ ಕೊಟ್ಟೆ. ಉಳಿದ ಕೇಬಲ್ ನಮ್ಮ ಸ್ಟೋರಿನ ಅಂಗಳದಲ್ಲಿದೆ, ಬೇಕಾದ್ರೆ ಈಗಲೇ ಬಂದು ನೋಡಿ."

ಒಂಬತ್ತು ಜನವೂ ಒಟ್ಟಿಗೆ ಬಾಯಿ ಮಾಡಿದರು. ನಾನು ಹಿಂದಿನ ಸಾಲಿನ ಕಡೆ ತಿರುಗಿದೆ. ಆಕೆಗೆ ಏನಾದರೂ ಹೇಳಬೇಕೆಂದು ರಾತ್ರಿಯಿಡೀ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ, ಕೈ ಮುಗಿದೆ. ಆಕೆ ಎದ್ದರು, ಚೀಲ ಹೆಗಲಿಗೆ ಹಾಕಿಕೊಂಡರು, ಹೊರಟುಹೋದರು.

ಸಂಜೆ ಮೇಡಂ ಮನೆಗೆ ಹೋಗುವಾಗ ಮಗಳೂ ಬಂದಳು, ನಾನು ಕರೆಯದೆಯೇ. ಮೇಡಂ ಪೂರ್ತಿ ಕೇಳಿಸಿಕೊಂಡರು. ಭೂತಗನ್ನಡಿಯನ್ನು ನಕ್ಷೆಯ ಮೇಲಿಂದ ತೆಗೆದು ಪಕ್ಕಕ್ಕಿಟ್ಟರು. ಬೈಯಲಿ, ಕಪಾಳಕ್ಕೆ ಹೊಡೆಯಲಿ ಎಂದು ನಾನು ಕಾದೆ. ಅವರು ತಂಗಿಯನ್ನು ಕರೆದು, ಕಪಾಟಿನಿಂದ ಆ ಕಾಲದ ಕೇಬಲ್ ಪರೀಕ್ಷೆಯ ಹಾಳೆ ತರಿಸಿ ಮಗಳ ಕೈಗೆ ಕೊಟ್ಟರು.

"ಓದಮ್ಮ. ನನಗೆ ಕಾಣಲ್ಲ. ಎರಡು ಕೇಬಲ್ಲಿಗೂ ಮೀಟರ್ ತೋರಿಸಿದ ಉದ್ದ ಎಷ್ಟಿದೆ?"

ಕೇಬಲ್ಲಿನೊಳಗೆ ಬೆಳಕು ಬಿಟ್ಟು ಉದ್ದ ಅಳೆಯುವ ಮೀಟರು ಅದು. ಮಗಳು ಓದಿದಳು. "ಮೊದಲನೇದು ಆರು ಸಾವಿರದ ಇನ್ನೂರು ಮೀಟರ್. ಎರಡನೇದು..." ಅವಳು ಹಾಳೆಯನ್ನು ಕಣ್ಣಿನ ಹತ್ತಿರ ತಂದಳು. "ಅದೂ ಆರು ಸಾವಿರದ ಇನ್ನೂರು."

"ಎಷ್ಟಿರಬೇಕಿತ್ತು?"

"ಹತ್ತು ಸಾವಿರದ ಎಂಟುನೂರು."

"ಕೆಳಗೆ ಸಹಿ ಯಾರದು?"

ಮಗಳು ಹಾಳೆಯಿಂದ ಕಣ್ಣೆತ್ತಿ ಮೇಡಂ ಮುಖ ನೋಡಿದಳು. ಸಹಿ ಅವರದೇ ಆಗಿತ್ತು.

"ಇವನು ಸುಳ್ಳು ಹೇಳಿದ. ಮೀಟರ್ ಹೇಳಿರ್ಲಿಲ್ಲ" ಎಂದರು ಮೇಡಂ. "ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸಹಿ ಹಾಕಿ ಕಳಿಸಿದ್ದೆ. ಇವನ ಕೆಲಸ ಅಂದ್ಮೇಲೆ ಓದೋದೇನು ಅಂದ್ಕೊಂಡೆ. ನಾಲ್ಕು ತಿಂಗಳು ನಕ್ಷೆ ನೋಡಿದೆ, ಈ ಹಾಳೆ ತೆಗೀಲೇ ಇಲ್ಲ." ಆಮೇಲೆ ನನ್ನ ಕಡೆ ಮುಖ ತಿರುಗಿಸಿದರು. "ನನ್ನ ಸಹಿ ನಾನು ನೋಡ್ಕೋತೀನಿ. ನಿನ್ನದು ನೀನು ನೋಡ್ಕೋ. ಹೋಗಿ ಬಾ."

ನನ್ನನ್ನು ಕೆಲಸದಿಂದ ತೆಗೆದರು. ತೆಗೆಯದೇ ಇದ್ದಿದ್ದರೆ ನನಗೇ ಆಶ್ಚರ್ಯವಾಗುತ್ತಿತ್ತು. ವಿಚಾರಣೆ ಇನ್ನೂ ನಡೆಯುತ್ತಿದೆ, ಕರೆದಾಗಲೆಲ್ಲ ಹೋಗಿ ಇದ್ದದ್ದು ಇದ್ದಹಾಗೆ ಹೇಳಿ ಬರುತ್ತೇನೆ. ಮನೆಯವಳು ಒಂದು ವಾರ ಮಾತು ಬಿಟ್ಟಿದ್ದಳು, ಎಂಟನೆಯ ದಿನ ಗಡಿಯಾರವನ್ನು ಗೋಡೆಯಿಂದ ಕಿತ್ತು ನನ್ನ ಮುಂದಿಟ್ಟಳು. ನಾನದನ್ನು ಆಫೀಸಿಗೆ ವಾಪಸು ಕೊಟ್ಟುಬಂದೆ. ಮಗಳು ತನ್ನ ನಕ್ಷೆಯನ್ನು ಪೂರ್ತಿ ಬಿಚ್ಚಿ ಹೊಸದಾಗಿ ಬರೆದಳು. ಮನೆಮನೆಗೆ ಹೋಗುವುದು ಮರವೇ, ಆದರೆ ಹೊಳೆ ದಾಟುವ ಬೊಡ್ಡೆ ಮಾತ್ರ ಉಂಗುರ. ಕೆಳಗೊಂದು ಷರತ್ತು ಸೇರಿಸಿದಳು: ಸಹಿ ಹಾಕುವವರು ಮೊದಲು ಎರಡೂ ದಾರಿಯನ್ನು ಕಾಲ್ನಡಿಗೆಯಲ್ಲಿ ನಡೆದು ನೋಡತಕ್ಕದ್ದು. ನಾಲ್ಕನೆಯ ಮಹಡಿಯವರು ಇದಕ್ಕೆ ಮೂಗು ಮುರಿದರಂತೆ. ಅವಳು ಜಗ್ಗಲಿಲ್ಲ.

ಡ್ರಮ್ಮನ್ನು ಕ್ರೇನಿನಲ್ಲಿ ಎತ್ತಿಕೊಂಡು ಹೋದ ದಿನ ಜೊತೆಯವರು ಡಬ್ಬಿ ಹಿಡಿದುಕೊಂಡು ನಿಂತೇ ಊಟ ಮಾಡಿದರೆಂದು ಮಗಳು ಹೇಳಿದಳು. ಪರೀಕ್ಷೆ ಮಾಡಿದರೆ ಕೇಬಲ್ ಇನ್ನೂ ಚೆನ್ನಾಗಿತ್ತು. ತುದಿಯಲ್ಲಿ ಒಂದಿಷ್ಟು ತೇವ ಹಿಡಿದಿದ್ದನ್ನು ಕತ್ತರಿಸಿ, ಅಷ್ಟಕ್ಕೆ ಹೊಸದನ್ನು ಸೇರಿಸಿ, ರೈಲು ಸೇತುವೆಯ ಮೇಲೆ ಎಳೆದರು. ಬೆಸೆದವರು ಬೇರೆಯವರು.

ಕೊನೆಯ ಪರೀಕ್ಷೆಯ ದಿನ, "ಬಾಪ್ಪ, ನೀನೂ ಇರು" ಎಂದಳು ಮಗಳು. ಆಚೆ ದಡದ ಚಿಕ್ಕ ಸ್ಟೇಷನ್ನಿನೊಳಗೆ ನನಗೆ ಪ್ರವೇಶವಿಲ್ಲ. ಹೊರಗೆ ಮೆಟ್ಟಿಲ ಪಕ್ಕದಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅವಳು ಹಾಳೆ ಹಿಡಿದುಕೊಂಡು ಹೊರಗೆ ಬಂದು ನನ್ನ ಕೈಗೆ ಕೊಟ್ಟಳು.

"ಓದು. ಜೋರಾಗಿ ಓದು."

"ಮೊದಲನೇದು ಆರು ಸಾವಿರದ ಇನ್ನೂರು" ಎಂದೆ. "ಎರಡನೇದು ಹತ್ತು ಸಾವಿರದ ಎಂಟುನೂರು."

ಎದುರಿನ ಅಂಗಡಿಯಲ್ಲಿ ಹೊಲಿಗೆ ಮಷೀನಿನ ಸದ್ದು ನಿಂತಿತು. ಆಕೆ ರಸ್ತೆ ದಾಟಿ ಬಂದರು. ಮಗಳನ್ನು ಕೇಳಿದರು, ನನ್ನನ್ನಲ್ಲ.

"ಎರಡಕ್ಕೂ ಎಷ್ಟಮ್ಮ ವ್ಯತ್ಯಾಸ?"

"ನಾಲ್ಕೂವರೆ ಕಿಲೋಮೀಟರ್ ಮೇಲೆ ಒಂದಿಷ್ಟು, ಅಮ್ಮ."

"ಅಷ್ಟೇನಾ?" ಆಕೆ ಕಬ್ಬಿಣದ ಬಾಗಿಲಿನ ಕಡೆ ನೋಡಿದರು. "ನಮ್ಮನೆಯವರು ದಿನಾ ಬೆಳಿಗ್ಗೆ ಅದಕ್ಕಿಂತ ಜಾಸ್ತಿ ನಡೀತಿದ್ರು."

ಆಕೆ ವಾಪಸು ಅಂಗಡಿಗೆ ಹೋದರು. ಮಷೀನಿನ ಸದ್ದು ಮತ್ತೆ ಶುರುವಾಯಿತು. ಮಗಳು ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಇನ್ನೊಮ್ಮೆ ಓದಿ, ಸಹಿ ಹಾಕಿದಳು.